ಫೇಕ್ ಎಂಬ ಸಮಾಧಾನ

1996ರಲ್ಲಿ ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟೆ. ವೆಲ್ಡಿಂಗ್ ಕಲಿತು, ಮೆಲ್ಕಾರಿನಲ್ಲಿ ಸ್ವಂತ ಅಂಗಡಿ ಹಾಕಿ, ತಮ್ಮನನ್ನು ಮೂಡುಬಿದಿರೆಯ ಹಾಸ್ಟೆಲಿನಲ್ಲಿಟ್ಟು ಓದಿಸಿದೆ. ಅದಕ್ಕಾಗಿ ಯಾರ ಬಾಗಿಲಿಗೂ ಹೋಗಲಿಲ್ಲ. ಈಗ ಅವನು ದುಬೈಯಲ್ಲಿ ಸೈಟ್ ಇಂಜಿನಿಯರ್.

ಇಂಗ್ಲಿಷ್ ನನಗೆ ಬಾರದು. ಆದರೆ ‘ಫೇಕ್’ ಎಂಬ ಪದಕ್ಕೆ ಓದು ಬೇಕಿಲ್ಲ, ಮೀನು ಮಾರುವವಳೂ ಆಡುತ್ತಾಳೆ. ನಿಜವಲ್ಲದ್ದು, ಯಾರೋ ಹುಟ್ಟಿಸಿದ್ದು ಎಂದು ಅರ್ಥ. ಫೇಕ್ ಐಡಿ, ಫೇಕ್ ಸುದ್ದಿ.

ಕಳೆದ ವರ್ಷ ಒಂದು ಮಧ್ಯಾಹ್ನ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ತಮ್ಮನ ಫೋಟೊ ಬಂತು. ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದಾನೆ, ಮನೆಯವರಿಗೆ ತಿಳಿಸಿ ಎಂದು ಕೆಳಗೆ ಬರೆದಿತ್ತು. ಅವನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಅದನ್ನೇ ನೋಡಿ ಪಕ್ಕದ ಹೋಟೆಲಿನ ಗೆಳೆಯ ಓಡಿ ಬಂದ.

“ಫೇಕ್ ಮಾರಾಯ ಅದು. ಈಗ ಯಾರ ಫೋಟೊ ಬೇಕಾದ್ರೂ ಹಾಕ್ತಾರೆ.”

“ನಿನಗೆ ಹೇಗೆ ಗೊತ್ತು?”

“ನೋಡಿದ್ರೆ ಗೊತ್ತಾಗುದಿಲ್ವಾ? ನೀನು ಶಟರ್ ಎಳಿ, ಮನೆಗೆ ಹೋಗುವ. ನಾನೇ ಬಿಡ್ತೇನೆ.”

ಮನೆಗೆ ತಾನೇ ಬಿಡುತ್ತೇನೆ ಎಂದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ನಮ್ಮಲ್ಲಿ ಗಲ್ಫಿನ ಸಾವನ್ನು ಮನೆಯವರಿಗೆ ಒಮ್ಮೆಲೇ ಹೇಳುವ ಕ್ರಮವಿಲ್ಲ. ಸ್ವಲ್ಪ ಹುಷಾರಿಲ್ಲವಂತೆ ಎಂದು ಶುರು ಮಾಡಿ, ಒಬ್ಬನನ್ನೇ ಬಿಡದೆ ಮನೆ ಮುಟ್ಟಿಸುತ್ತೇವೆ. ಮಡಂತ್ಯಾರಿನ ಒಬ್ಬನನ್ನು ಹಾಗೆ ಮನೆ ಮುಟ್ಟಿಸಿದವರಲ್ಲಿ ನಾನೂ ಇದ್ದೆ. ದಾರಿಯುದ್ದಕ್ಕೂ “ಏನೂ ಆಗಿರ್ಲಿಕ್ಕಿಲ್ಲ” ಎನ್ನುತ್ತಿದ್ದೆವು. ಅವನ ಅಂಗಳದಲ್ಲಿ ಅಷ್ಟರಲ್ಲೇ ಸಾವಿಗೆ ಬರುವವರಿಗೆಂದು ಕುರ್ಚಿ ಹಾಕಿ ಆಗಿತ್ತು.

ಬೈಕಿನ ಹಿಂದೆ ಕೂತು, “ಸತ್ಯ ಹೇಳು,” ಎಂದೆ.

“ಫೇಕ್ ಅಂದ್ರೆ ಫೇಕ್. ಕಬ್ಬಿಣ ಬಗ್ಗಿಸುವವ ಇಷ್ಟು ಹೆದರುದಾ?” ಎಂದು ನಕ್ಕ. ಆ ನಗು ಕೇಳಿ ಇನ್ನಷ್ಟು ಹೆದರಿದೆ.

ಪಾಣೆಮಂಗಳೂರಿನ ಸೇತುವೆ ದಾಟುವಾಗ, ಬಂಟ್ವಾಳದ ನಮ್ಮ ಮನೆ ಬರುವುದೇ ಬೇಡ ಎನಿಸಿತು.

ಅಂಗಳದಲ್ಲಿ ನೆರೆಯವರು ನಿಂತಿದ್ದರು. ಕುರ್ಚಿಗಳಿರಲಿಲ್ಲ, ನಾನು ಮೊದಲು ನೋಡಿದ್ದು ಅದನ್ನೇ. ಒಳಗೆ ತಮ್ಮನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. “ಇವತ್ತೆಂತ ಭಾವ, ಬೇಗ?” ಎಂದಳು. ನನ್ನ ಬಾಯಲ್ಲಿ ಹೊರಟದ್ದು, “ಸ್ವಲ್ಪ ಹುಷಾರಿಲ್ಲ.” ಯಾರಿಗೆ ಎಂದು ಹೇಳಲಾಗಲಿಲ್ಲ. ಅವಳ ಕೈ ನಿಂತಿತು.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು.

“ಅಣ್ಣ, ಫೋನ್ ಮಾಡಿದ್ರಾ? ಚಾರ್ಜ್ ಇರ್ಲಿಲ್ಲ.”

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಅಣ್ಣ, ಕೇಳ್ತದಾ?”

“ಮಾತಾಡ್ತಾ ಇರು,” ಎಂದೆ. “ಏನಾದ್ರೂ ಮಾತಾಡು.”

ಗೆಳೆಯ ಹೇಳಿದ್ದು ನಿಜವೇ ಆಗಿತ್ತು. ಆದರೆ ಅದು ಅವನಿಗೂ ಗೊತ್ತಿರಲಿಲ್ಲ. ಹಾಗೇ ಇರಲಿ ಎಂಬ ಆಸೆಯಿಂದ ಹೇಳಿದ್ದ. ಈಗ ಯಾರಾದರೂ ಫೇಕ್ ಎಂದರೆ ನನಗೆ ಹೆದರಿಕೆ ಶುರುವಾಗುತ್ತದೆ.

ಒಂದು ಅಂಗಡಿ, ಎರಡು ವೆಲ್ಡಿಂಗ್ ಮೆಷಿನ್, ಒಂದು ಹಂಚಿನ ಮನೆ, ಹೆಂಡತಿ, ಒಬ್ಬಳು ಮಗಳು, ಒಬ್ಬ ತಮ್ಮ. ಈಗಲೂ ನನಗಿರುವುದು ಇಷ್ಟು, ಒಂದೂ ಕಡಿಮೆಯಾಗಿಲ್ಲ.