ರಷ್ಯದ ರೊಟ್ಟಿ, ನಮ್ಮ ಬಂಗುಡೆ

ನನ್ನ ಮೊಮ್ಮಗಳು ಮಣಿಪಾಲದಲ್ಲಿ ಇತಿಹಾಸ ಓದುತ್ತಾಳೆ. ಅವಳದ್ದು ಬಾಯಿಬಿಟ್ಟು ಓದುವ ಅಭ್ಯಾಸ. ಹಾಗಾಗಿ ಕಳೆದ ವರ್ಷ ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ರಷ್ಯದ ಕ್ರಾಂತಿಯನ್ನು ನಾನೂ ಪೂರ್ತಿ ಓದಿದೆ, ಪರೀಕ್ಷೆಗೆ ಮಾತ್ರ ಕೂರಲಿಲ್ಲ. ಮೊಬೈಲಿನಲ್ಲಿ ಅಕ್ಷರ ಒತ್ತಲು ಕಲಿಸಿದವಳೂ ಅವಳೇ. ಇದನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. "ಯಾವ ಮಾರುಕಟ್ಟೆ ಅಂತ ಮಾತ್ರ ಬರೆಯಬೇಡಿ ಅಜ್ಜಿ" ಎಂದಿದ್ದಾಳೆ. ಬರೆಯುವುದಿಲ್ಲ.

ಆ ಮೀನು ಮಾರುಕಟ್ಟೆಯ ಒಂದು ಕಲ್ಲುಕಟ್ಟೆಯಲ್ಲಿ ಮೊದಲು ನನ್ನ ಅತ್ತೆ ಕೂತಿದ್ದರು. ಆಮೇಲೆ ನಾನು. ನನ್ನ ಮೊಣಕಾಲು ಹೋದ ಮೇಲೆ ನನ್ನ ಸೊಸೆ, ಅಂದರೆ ಈ ಮೊಮ್ಮಗಳ ತಾಯಿ. ಕಲ್ಲು ಸವೆದು ನಮ್ಮ ಮನೆಯ ಹೆಂಗಸರ ಅಳತೆಗೆ ಬಂದಿತ್ತು. ಒಂದು ದಿನ ಪುರಸಭೆಯ ನೋಟಿಸು ಬಂತು: ಇಲ್ಲಿ ಅಂಗಡಿ ಕಟ್ಟಡ ಬರುತ್ತದೆ, ನೀವು ಹೆದ್ದಾರಿಯ ಆಚೆಗೆ ಹೋಗಿ, ಹೋಗದಿದ್ದರೆ ಕಟ್ಟೆ ಒಡೆಯುತ್ತೇವೆ. ನಮ್ಮ ಗಿರಾಕಿಗಳೆಂದರೆ ಬಸ್ಸಿಗೆ ಕಾಯುವವರು. ಹೆದ್ದಾರಿಯ ಆಚೆ ಬಸ್ಸೇ ನಿಲ್ಲುವುದಿಲ್ಲ. ಅಲ್ಲಿ ಮೀನು ಹರಡಿ ಕೂರುವುದೆಂದರೆ ನೊಣಗಳಿಗೆ ಊಟ ಬಡಿಸಿದ ಹಾಗೆ.

ನಾವು ಹೆಂಗಸರೆಲ್ಲ ಸೇರಿ ಮನವಿ ಕೊಟ್ಟು ಬಂದೆವು.

"ರಷ್ಯದಲ್ಲಿಯೂ ಮೊದಲು ಮನವಿಯೇ ಅಜ್ಜಿ" ಎಂದಳು ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಿ. "ದೇವರ ಪಟ ಹಿಡಿದುಕೊಂಡು, ಹಾಡು ಹೇಳಿಕೊಂಡು ರಾಜನ ಅರಮನೆಗೆ ಹೋದದ್ದು. ಗುಂಡು ಹೊಡೆದರು."

"ದೇವರ ಪಟ ಉಂಟಲ್ಲ ಮಾರಾಯ್ತಿ ಕೈಯಲ್ಲಿ?"

"ಪಟ ಹಿಡಿದವರಿಗೇ ಹೊಡೆದದ್ದು."

"ಹಾಗಾದರೆ ಇಲ್ಲಿಯವರು ಒಳ್ಳೆಯವರು. ನಮಗೆ ಸೀಲು ಹಾಕಿ ಕಳಿಸಿದ್ದಾರೆ."

ಅವಳು ನಗಲಿಲ್ಲ. ಮನೆಯಲ್ಲಿ ಆಗ ಯಾರಿಗೂ ನಗು ಬರುತ್ತಿರಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ತಮಾಷೆ ಮಾಡುತ್ತಿದ್ದೆ. ಸೊಸೆಯ ಗಂಡ, ನನ್ನ ಮಗ, ಕಡಲಿನಿಂದ ಬೆನ್ನು ಮುರಿದುಕೊಂಡು ಬಂದು ಮಲಗಿದವನು ಮತ್ತೆ ದೋಣಿ ಹತ್ತಿರಲಿಲ್ಲ. ಒಲೆ ಉರಿಯುತ್ತಿದ್ದದ್ದು ಆ ಕಲ್ಲುಕಟ್ಟೆಯಿಂದ.

ಸಂಜೆ ಸಂಜೆ ಮೊಮ್ಮಗಳು ಓದುತ್ತಿದ್ದಳು. ಪೆಟ್ರೋಗ್ರಾಡ್ ಎಂಬ ಊರು. ಯುದ್ಧ, ಕೊರೆಯುವ ಚಳಿ. ಹೆಂಗಸರು ರೊಟ್ಟಿಗಾಗಿ ಸಾಲಿನಲ್ಲಿ ನಿಂತು ನಿಂತು, ಅಂಗಡಿಯ ಬಾಗಿಲು ಮುಚ್ಚಿದ ಮೇಲೂ ನಿಂತು, ಕೊನೆಗೊಂದು ದಿನ ಬೀದಿಗೆ ಬಂದರು. ಬಟ್ಟೆ ಗಿರಣಿಯ ಹೆಂಗಸರು ಕೆಲಸ ಬಿಟ್ಟು ಗಂಡಸರನ್ನೂ ಹೊರಗೆ ಕರೆದರು. ರೊಟ್ಟಿ ಬೇಕಾದಷ್ಟು ಉಂಟು ಎಂದು ಸರಕಾರದವರು ಗೋಡೆಗೆ ಕಾಗದ ಅಂಟಿಸಿದರಂತೆ. ಯಾರೂ ನಂಬಲಿಲ್ಲ.

"ಹಸಿವು ಒಂದೇ ಸಾಕಾಗುವುದಿಲ್ಲ ಅಜ್ಜಿ" ಎಂದಳು. "ಹಸಿದವರು ಎಲ್ಲ ಕಾಲದಲ್ಲಿಯೂ ಇದ್ದರು. ಸೈನಿಕರು ಹೊಡೆಯುವುದಿಲ್ಲ ಅಂತ ನಿಂತರಲ್ಲ, ಆಗ ರಾಜ ಬಿದ್ದದ್ದು. ಹೆಂಗಸರು ಹತ್ತಿರ ಹೋಗಿ ಅವರ ಬಂದೂಕಿಗೇ ಕೈ ಹಾಕಿ ಮಾತಾಡಿದರಂತೆ."

ಇದು ನನ್ನ ತಲೆಯಲ್ಲಿ ಕೂತಿತು. ಮರುದಿನ ನಮ್ಮ ಮೀನಿನ ಹೆಂಗಸರ ವಾಟ್ಸಾಪಿಗೆ ನಾನೇ ಒತ್ತಿ ಕಳಿಸಿದೆ: ನಾಳೆ ಕಟ್ಟೆ ಒಡೆಯಲು ಬರುತ್ತಾರೆ, ಎಲ್ಲರೂ ಖಾಲಿ ಬುಟ್ಟಿ ತನ್ನಿ, ಕಟ್ಟೆಯ ಮೇಲೆ ಕೂರುವುದು, ವ್ಯಾಪಾರ ಇಲ್ಲ, ಯಾರು ಬಂದರೂ ಏಳುವುದಿಲ್ಲ.

ಎಲ್ಲರೂ ಬಂದರು. ಬುಟ್ಟಿ ಕವುಚಿ ಇಟ್ಟು ಕಟ್ಟೆ ತುಂಬ ಕೂತೆವು. ಜೆಸಿಬಿ ರಸ್ತೆಯಲ್ಲೇ ನಿಂತಿತು. ಕಂಬಕ್ಕೆ ಒರಗಿ ಮೊಮ್ಮಗಳೂ ನಿಂತಿದ್ದಳು, ಕ್ಲಾಸು ತಪ್ಪಿಸಿ. ಪೊಲೀಸರು ಬಂದರು. ಮುಂದೆ ಬಂದವನು ನನಗೆ ಗುರುತಿನವನೇ.

"ಅಮ್ಮ, ಏಳಿ ಅಮ್ಮ. ನಮಗೆ ಆರ್ಡರ್ ಉಂಟು."

ನಾನು ಅವನ ಲಾಠಿಯ ತುದಿಯನ್ನು ಮೆಲ್ಲನೆ ಹಿಡಿದುಕೊಂಡೆ. "ನಿನ್ನ ತಾಯಿಗೆ ಬಾಣಂತನದಲ್ಲಿ ಮೀನು ಕೊಟ್ಟದ್ದು ಯಾರು ಗೊತ್ತುಂಟಾ? ಇದೇ ಕಟ್ಟೆಯಿಂದ ತಗೊಂಡು ಹೋದದ್ದು. ನೀನು ಇಷ್ಟು ಎತ್ತರ ಆದದ್ದು ಎಂತ ಹಾಲು ಕುಡಿದು ಅಂತ ತಿಳಿದುಕೊಂಡೆ?"

ಹೆಂಗಸರೆಲ್ಲ ಗೊಳ್ಳೆಂದರು. ಅವನ ಕಿವಿ ಕೆಂಪಾಯಿತು. ಮೇಲಿನವರಿಗೆ ಫೋನು ಮಾಡಿ ಬರುತ್ತೇನೆ ಎಂದು ಹೋದವನು ಮರದ ನೆರಳಿನಲ್ಲಿ ಕೂತೇಬಿಟ್ಟ. ಮೊಮ್ಮಗಳು ನನ್ನನ್ನು ನೋಡಿದ ಹಾಗೆ ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಒಬ್ಬಳ ಮೊಬೈಲು ಬಡಿಯಿತು. ಇನ್ನೊಬ್ಬಳದ್ದು. ಮತ್ತೊಬ್ಬಳದ್ದು.

ಕಡಲಬದಿಯಿಂದ ಕರೆ. ನಮ್ಮಲ್ಲಿ ಕೈರಂಪಣಿ ಎಂಬ ದೊಡ್ಡ ಬಲೆ ಉಂಟು. ದೋಣಿಯಲ್ಲಿ ಹೋಗಿ ಬೀಸಿ ಬಂದು, ಎರಡು ಕಡೆಯಿಂದ ಹಗ್ಗ ಹಿಡಿದು ದಡಕ್ಕೆ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ಗಂಡಸು ಹೆಂಗಸು ಎಂದಿಲ್ಲ. ಆ ಮಳೆಗಾಲ ಕಳೆದ ಮೇಲೆ ಕಡಲು ಏನೂ ಕೊಟ್ಟಿರಲಿಲ್ಲ. ಅವತ್ತು ಬಂಗುಡೆ ಬಂತು. ಬಲೆ ಜಗ್ಗುತ್ತಿಲ್ಲ, ಜನ ಸಾಲುವುದಿಲ್ಲ, ಓಡಿ ಬನ್ನಿ ಎಂದು ಗಂಡಂದಿರು, ಮೈದುನಂದಿರು ಕೂಗುತ್ತಿದ್ದರು.

ಮೊದಲು ಒಬ್ಬಳು ಎದ್ದು ನನ್ನ ಕಡೆ ತಿರುಗಿದಳು. "ದೊಡ್ಡಕ್ಕ, ಹೋಗಿ ಬರ್ತೇನೆ ಆಯ್ತಾ. ಇಗೋ, ಬಂದೆ."

"ಕೂತ್ಕೊಳ್ಳೇ! ಇವತ್ತು ಒಂದು ದಿನ."

"ಬಲೆ ಕಾಯ್ತದಾ ದೊಡ್ಡಕ್ಕ?"

ಬಲೆ ಕಾಯುವುದಿಲ್ಲ. ಹಗ್ಗ ಕೈಬಿಟ್ಟರೆ ಮೀನೂ ಹೋಯಿತು, ಬಲೆಯೂ ಹರಿಯಿತು. ಕರೆ ಬಂದ ಮೇಲೆ ಹೋಗದೆ ಕೂತ ಹೆಂಗಸನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ರಿಕ್ಷಾ ಸಿಕ್ಕಿದವರು ರಿಕ್ಷಾದಲ್ಲಿ, ಸಿಗದವರು ಸೀರೆ ಎತ್ತಿ ಕಟ್ಟಿ ಓಡಿದರು. ಖಾಲಿ ಬುಟ್ಟಿ ಹೇಗೂ ತಂದಿದ್ದರಲ್ಲ, ಅವನ್ನೂ ತೆಗೆದುಕೊಂಡು ಹೋದರು. ನನ್ನ ಸೊಸೆ ಕೊನೆಯವರೆಗೂ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ನನ್ನ ಮುಖ ನೋಡದೆ ಅವಳೂ ಎದ್ದಳು.

ಉಳಿದದ್ದು ನಾವು ಮೂರ್ನಾಲ್ಕು ಮುದುಕಿಯರು, ಓಡಲು ಕಾಲಿಲ್ಲದವರು. ಗುರುತಿನ ಪೊಲೀಸನು ಬಂದು ನನ್ನ ತೋಳು ಹಿಡಿದು, ಬಹಳ ಮರ್ಯಾದೆಯಿಂದಲೇ, ರಸ್ತೆಯಾಚೆ ಕೂರಿಸಿದ. ಕುಡಿಯಲು ನೀರನ್ನೂ ಕೊಟ್ಟ. ಜೆಸಿಬಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಕಲ್ಲು ಎರಡು ತುಂಡಾಗಿ ಕೆಳಗೆ ಬಿತ್ತು. ಅದರ ಅಡಿಯ ಮಣ್ಣು ಕಪ್ಪಗಿತ್ತು, ಮೂರು ತಲೆಮಾರಿನ ಮೀನುನೀರು ಕುಡಿದು.

"ಅಲ್ಲಿ ಸರಕಾರದವರು ರೊಟ್ಟಿ ಉಂಟು ಅಂತ ಸುಳ್ಳು ಹೇಳಿದ್ದು" ಎಂದಳು ಮೊಮ್ಮಗಳು, ಯಾರಿಗೂ ಅಲ್ಲದ ಹಾಗೆ. "ಇಲ್ಲಿ ಮೀನು ನಿಜವಾಗಿ ಬಂತು."

ಸೊಸೆ ಬಂದಾಗ ಬಿಸಿಲು ಇಳಿದಿತ್ತು. ತಲೆಯ ಮೇಲೆ ತುಂಬಿದ ಬುಟ್ಟಿ, ನೀರು ಸೋರಿ ರವಿಕೆ ಒದ್ದೆ. ಕಡಲಿನಿಂದ ನೇರ ಮಾರುಕಟ್ಟೆಗೇ ಬಂದಿದ್ದಳು, ಪ್ರತಿದಿನ ಬರುವ ಹಾಗೆ. ಕಲ್ಲಿನ ರಾಶಿಯ ಮುಂದೆ ನಿಂತಳು. ಬುಟ್ಟಿ ಇಳಿಸಲಿಲ್ಲ. ಇಳಿಸಲು ಜಾಗ ಇರಲಿಲ್ಲ.

"ಅತ್ತೆ, ಎಂತ ಮಾಡುವುದು ನಾನು? ಬಲೆ ತುಂಬ ಇತ್ತು."

ನಾನು ಬೈಯಲಿಲ್ಲ. ಮೊಣಕಾಲು ಸರಿ ಇದ್ದಿದ್ದರೆ ನಾನು ಅವಳಿಗಿಂತ ಮುಂದೆ ಓಡುತ್ತಿದ್ದೆ. ನಾನೂ ಮೊಮ್ಮಗಳೂ ಕೈ ಕೊಟ್ಟು ಬುಟ್ಟಿಯನ್ನು ರಸ್ತೆಯ ಅಂಚಿಗೆ ಇಳಿಸಿದೆವು. ಅವತ್ತು ಎಲ್ಲರ ಮನೆಯಲ್ಲಿಯೂ ಬಂಗುಡೆ. ಕೊಳ್ಳುವವರಿಲ್ಲ.

ಈಗ ಸೊಸೆ ಬಸ್ಸು ಹಿಡಿದು ಅಲೆವೂರಿನ ಕಡೆಗೆ ಹೋಗಿ ಮನೆ ಮನೆ ತಿರುಗಿ ಮಾರುತ್ತಾಳೆ. ಅಲ್ಲಿ ಗೇಟಿನೊಳಗೆ ನಾಯಿ, ಬಾಗಿಲಲ್ಲಿ ಬೆಲ್ಲು. ಸಂಜೆ ಬಂದು ಗೋಡೆಗೆ ಒರಗುತ್ತಾಳೆ. ಮಗಳು ಅವಳ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಾಳೆ.

ಪರೀಕ್ಷೆಯಲ್ಲಿ ಕ್ರಾಂತಿಯ ಕಾರಣಗಳೇ ಬಂದವಂತೆ. ಎಂತ ಬರೆದೆ ಎಂದು ಕೇಳಿದೆ.

"ಪುಸ್ತಕದಲ್ಲಿದ್ದದ್ದು. ಹಸಿವು, ಯುದ್ಧ, ಸೈನಿಕರು."

"ಮತ್ತೆ ನಮ್ಮದು?"

ಅವಳು ಎಣ್ಣೆ ತಿಕ್ಕುತ್ತಲೇ ಇದ್ದಳು. ಸೊಸೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಬೆಳಿಗ್ಗೆ ಕೈರಂಪಣಿ ಉಂಟಂತೆ ಅತ್ತೆ. ಬೇಗ ಎಬ್ಬಿಸಿ."