ಗುಂಡ್ಲುಪೇಟೆಯ ಸ್ವಿಚ್ಚೂ ನನ್ನ ಒಂದು ಮಾತೂ

೨೦೦೬ರಲ್ಲಿ ನಾನು ಚಾಮರಾಜನಗರದಲ್ಲಿ ನಮ್ಮ ಇಲಾಖೆಯ ನೆಟ್‌ವರ್ಕ್ ಎಂಜಿನಿಯರ್. ಶಾಖೆಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಬಸ್ ಹತ್ತುವುದು ನನ್ನ ಡ್ಯೂಟಿ. ಕಾನ್ವೆಂಟ್ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು, ಒಂದು ಕೇಬಲ್ ಟೆಸ್ಟರ್, ಒಂದು ಲ್ಯಾಪ್‌ಟಾಪ್, ಇಷ್ಟೇ ನನ್ನ ಆಸ್ತಿ.

ಆಯುಧಪೂಜೆಯ ರಜೆ ಮುಗಿದು ಗುಂಡ್ಲುಪೇಟೆ ಶಾಖೆ ಬಾಗಿಲು ತೆರೆದ ಬೆಳಿಗ್ಗೆ, ಅಲ್ಲಿನ ಗುತ್ತಿಗೆ ಆಪರೇಟರ್ ಮಾದೇವಿ ಫೋನ್ ಮಾಡಿದಳು. ಆರು ಕಂಪ್ಯೂಟರ್‌ಗಳಲ್ಲಿ ಒಂದೂ, ಶಾಖೆಯ ದಾಖಲೆಗಳೆಲ್ಲ ಇರುವ ಸರ್ವರ್‌ಗೆ ಕನೆಕ್ಟ್ ಆಗುತ್ತಿರಲಿಲ್ಲ. ನಾನು ಮೀಟಿಂಗ್‌ಗೆ ಹೊರಟಿದ್ದೆ. "ವೈರಸ್ ಇರಬೇಕಮ್ಮ, ನಾಳೆ ಬರ್ತೀನಿ" ಎಂದು ಫೋನ್ ಇಟ್ಟುಬಿಟ್ಟೆ.

ಮರುದಿನ ಹೋದರೆ ಬಾಗಿಲಲ್ಲೇ ಜನ. ಪಕ್ಕದ ಹಂಗಳ ಊರಿನ ಯಜಮಾನರೊಬ್ಬರು ಅಡ್ಡ ನಿಂತರು. "ನೆನ್ನೆಯಿಂದ ಓಗಿ ಬನ್ನಿ ಅಂತಾವ್ರೆ ಕಣವ್ವ. ನಿಮ್ ಡಬ್ಬಕ್ಕೆ ಊ ಮುಡ್ಸಿದ್ದೇ ಬಂತು!"

ಒಳಗೆ ಯಾರೂ ಕುರ್ಚಿ ಕೊಡಲಿಲ್ಲ. ಸೂಪರಿಂಟೆಂಡೆಂಟ್ ಗುರುಸಿದ್ದಪ್ಪ ಟೈಪ್ ಮಾಡಿಸಿಟ್ಟಿದ್ದ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಮಾದೇವಿ ತಂದ ಪೆನ್ ಡ್ರೈವ್‌ನಿಂದ ವೈರಸ್ ಹರಡಿದೆ, ಆಕೆಯನ್ನು ಕೆಲಸದಿಂದ ತೆಗೆಯಬೇಕು ಎಂದಿತ್ತು.

"ಸೈನ್ ಆಕ್ಬುಡಿ ಮೇಡಂ. ಇನ್ನೇನದೆ ಹುಡುಕಕ್ಕೆ?"

"ಟೆಸ್ಟ್ ಮಾಡದೆ ಸೈನ್ ಮಾಡಲ್ಲ."

"ಫೋನಲ್ಲಿ ಏಳ್ದಾಗ ಯಾವ ಟೆಸ್ಟ್ ಮಾಡಿದ್ರಿ?"

ನಾನು ಫೋನಿನಲ್ಲಿ ಅಂದದ್ದನ್ನು ಮಾದೇವಿಯೇ ಅವರಿಗೆ ಪ್ರಾಮಾಣಿಕವಾಗಿ ಒಪ್ಪಿಸಿದ್ದಳು. ಅದನ್ನೇ ಹಿಡಿದು ಅವರು ಅವಳಿಗೆ ಹಗ್ಗ ಹೊಸೆದಿದ್ದರು. ಅವಳು ಮೂಲೆಯಲ್ಲಿ ನಿಂತಿದ್ದಳು. ನನ್ನತ್ತ ನೋಡಲೂ ಇಲ್ಲ.

ಮೊದಲು ಪಿಂಗ್ ಹಾಕಿದೆ. ಅಂದರೆ ಒಂದು ಕಂಪ್ಯೂಟರ್ ಇನ್ನೊಂದನ್ನು ಕೂಗಿ, ಓಗೊಡಲು ಎಷ್ಟು ಹೊತ್ತಾಯಿತೆಂದು ಅಳೆಯುವುದು. ಪಕ್ಕದ ಮೇಜಿನಿಂದಲೂ ಉತ್ತರವಿಲ್ಲ. ಎಲ್ಲ ಕೇಬಲ್‌ಗಳೂ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತೇವೆ. ಅದರ ಮೇಲೆ ಮೂರೆಳೆ ವಿಭೂತಿ, ಬಾಡಿದ ಚೆಂಡುಹೂ. ಕೆಳಗೆ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಆರೂ ಕಂಪ್ಯೂಟರ್, ಸರ್ವರ್ ಎಲ್ಲ ಆಫ್ ಮಾಡಿಸಿದೆ. ಆದರೂ ಎರಡು ದೀಪಗಳು ಮಿನುಗುತ್ತಲೇ ಇದ್ದವು. ಕಂಪ್ಯೂಟರೇ ಮಲಗಿರುವಾಗ ವೈರಸ್ ಎಲ್ಲಿಂದ ಬರಬೇಕು?

ಆ ಎರಡರಲ್ಲಿ ಒಂದು ಕೇಬಲ್ ಕಿತ್ತೆ; ಎರಡೂ ಆರಿದವು. ಎಲ್ಲವನ್ನೂ ಮತ್ತೆ ಹಾಕಿಸಿದೆ. ಪಿಂಗ್‌ಗೆ ತಟ್ಟನೆ ಉತ್ತರ ಬಂತು. ಕಿತ್ತ ಕೇಬಲ್ಲನ್ನು ಬೆರಳಲ್ಲಿ ಹಿಡಿದು ಮೇಜಿನ ಹಿಂದೆ ಸುತ್ತಿ ಬಂದರೆ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿ! ಇದಕ್ಕೆ ಲೂಪ್ ಎಂದು ಹೆಸರು. ಹೊರಟ ಸಂದೇಶ ಹೊರದಾರಿಯಿಲ್ಲದೆ ಸುತ್ತಿ ಸುತ್ತಿ ದಾರಿಯನ್ನೇ ಕಟ್ಟಿಬಿಡುತ್ತದೆ. ರಿಪೇರಿಗೆ ಹೋದ ಏಳನೆಯ ಕಂಪ್ಯೂಟರಿನ ಕೇಬಲ್ ಅದು.

"ಈ ತುದಿ ಸಿಗಿಸಿದ್ದು ಯಾರು?"

ಮಾದೇವಿ ಮೊದಲ ಸಲ ಬಾಯಿ ಬಿಟ್ಟಳು. "ಪೂಜೆ ದಿನ ಸಾರೇ ಎಲ್ಲಾ ಒರ್ಸುದ್ರು. ವೈರು ನೇತಾಡ್ತಾ ಅದೆ, ಲಕ್ಷಣವಾಗಿಲ್ಲ ಅಂತ ಸಿಗ್ಸುದ್ರು. ನಮ್ಮನ್ನ ಮುಟ್ಟಕ್ಕೇ ಬುಡ್ನಿಲ್ಲ."

"ಪೂಜೆ ಮಾಡ್ದೋನ್ ಮೇಲೇ ಬರೀತೀರಾ?" ಗುರುಸಿದ್ದಪ್ಪ ಎದ್ದು ನಿಂತರು. "ಬರೀರಿ, ನೋಡನ!"

ಬರೆದೆ. ಕಾರಣ ಲೂಪ್ ಎಂದು, ಕೇಬಲ್ ಸಿಗಿಸಿದವರು ಗುರುಸಿದ್ದಪ್ಪ ಎಂದು, ಕೊನೆಗೆ "ಪರೀಕ್ಷಿಸದೆ ವೈರಸ್ ಎಂದವಳು ನಾನು" ಎಂದು. ಅವರು ತಮ್ಮ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಹೊರಡುವಾಗ ಮಾದೇವಿಗೆ ಸಾರಿ ಎಂದೆ. ಅವಳಾಗಲೇ ಹಂಗಳದ ಯಜಮಾನರ ಅರ್ಜಿ ಟೈಪ್ ಮಾಡುತ್ತಿದ್ದಳು. ತಲೆಯೆತ್ತದೆಯೇ, "ಇನ್ಮೇಲೆ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂದ್ಬುಡಿ ಮೇಡಂ" ಎಂದಳು.

ರಿಟೈರ್ ಆಗುವವರೆಗೂ ಫೋನಿನಲ್ಲಿ ನನ್ನದು ಒಂದೇ ಉತ್ತರ: "ಗೊತ್ತಿಲ್ಲ, ಬಂದು ನೋಡ್ತೀನಿ." ಈಯಮ್ಮನಿಗೆ ಏನೂ ಬರುವುದಿಲ್ಲ ಎಂದು ಶಾಖೆಗಳಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಸ್ ಹತ್ತುತ್ತಿದ್ದೆ.