ಹೆಸರು ತೆಗೆದ ಮೇಲೆ

ಕಾರವಾರದ ಆ ದವಾಖಾನೆಗೆ ಕೆಲಸಕ್ಕೆ ಸೇರಿದ ದಿನ ಡಾಕ್ಟರು ನನಗೆ ಮೊದಲು ಹೇಳಿದ್ದು ರಸ್ತೆಯಲ್ಲಿ ಹೇಗಿರಬೇಕು ಎಂಬುದನ್ನು. ಇಲ್ಲಿಗೆ ಬರುವವರು ಯಾರಾದರೂ ಪೇಟೆಯಲ್ಲೋ ಬಸ್ಸಿನಲ್ಲೋ ಮದುವೆಮನೆಯಲ್ಲೋ ಎದುರಾದರೆ ನಾನಾಗಿ ಮಾತಾಡಿಸಬಾರದು. ಅವರೇ ಮಾತಾಡಿಸಿದರೆ ಮಾತಾಡಬಹುದು, ಆದರೆ ಈಗ ಹೇಗಿದ್ದೀರಿ ಎಂದು ಕೇಳಬಾರದು. ಮಾನಸಿಕ ರೋಗದ ಡಾಕ್ಟರನ್ನು ಕಂಡು ಬಂದವರಿಗೆ ಆ ಒಂದು ಪ್ರಶ್ನೆ ಸಾಕು, ಪಕ್ಕದಲ್ಲಿದ್ದವರು ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ ಎಂದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಾನು ಅಂಕೋಲೆಯಲ್ಲಿ ಬಿ.ಎ. ಮುಗಿಸಿ, ಕಂಪ್ಯೂಟರ್ ಕ್ಲಾಸಿಗೆ ಹೋಗಿ ಟೈಪಿಂಗ್ ಕಲಿತು ಕೆಲಸ ಹುಡುಕುತ್ತಿದ್ದೆ. ದವಾಖಾನೆ ಕಾರವಾರದ ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲಿತ್ತು. ಕೆಳಗೆ ಬಟ್ಟೆ ಅಂಗಡಿ. ಬಟ್ಟೆ ಕೊಳ್ಳಲು ಬಂದವರಂತೆ ಅಂಗಡಿಯ ಮುಂದೆ ನಿಂತು, ಆಚೀಚೆ ನೋಡಿ, ಆಮೇಲೆ ಮೆಟ್ಟಿಲು ಹತ್ತುವವರೇ ಹೆಚ್ಚು. ಅಂಕೋಲೆಯವರು ಯಾರ ಕಣ್ಣಿಗೂ ಬೀಳಬಾರದೆಂದು ಕಾರವಾರಕ್ಕೆ ಬರುತ್ತಿದ್ದರು. ಕಾರವಾರದವರು ಅದೇ ಕಾರಣಕ್ಕೆ ಹುಬ್ಬಳ್ಳಿಗೆ ಹೋಗುತ್ತಿದ್ದರು. ರಾಮನಗುಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹಿರಿಯರು ಪ್ರತಿ ಸಲವೂ ಕೈಯಲ್ಲಿ ಒಂದು ಮದುವೆ ಕಾಗದ ಹಿಡಿದಿರುತ್ತಿದ್ದರು. ಯಾರಾದರೂ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ತೋರಿಸಲಿಕ್ಕೆ.

ಡಾಕ್ಟರು ಸರಕಾರಿ ಕೆಲಸದಿಂದ ನಿವೃತ್ತರಾದವರು. ಮಾತು ಕಮ್ಮಿ, ಅಕ್ಷರ ಮಾತ್ರ ದುಂಡಗೆ. ಅವರು ವರ್ಷಗಟ್ಟಲೆ ಬರೆದಿಟ್ಟ ರೋಗಿಗಳ ಫೈಲುಗಳು ಒಳಕೋಣೆಯ ಕಬ್ಬಿಣದ ಕಪಾಟುಗಳಲ್ಲಿದ್ದವು. ಬೇರೊಂದು ಊರಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಯುವ ಡಾಕ್ಟರಮ್ಮ ಒಬ್ಬರು ಆ ಫೈಲುಗಳನ್ನು ಅಧ್ಯಯನ ಮಾಡಲು ಬಂದರು. ಬಾಣಂತನದಲ್ಲಿ ಹೆಂಗಸರಿಗೆ ಬರುವ ಮನಸ್ಸಿನ ಕಾಯಿಲೆ ಅವರ ವಿಷಯ. ಕಾಯಿಲೆ ಶುರುವಾದ ಮೇಲೆ ಎಷ್ಟು ತಡವಾಗಿ ಡಾಕ್ಟರ ಹತ್ತಿರ ಬರುತ್ತಾರೆ, ಅದಕ್ಕೂ ಮೊದಲು ಎಲ್ಲೆಲ್ಲಿ ಹೋಗಿರುತ್ತಾರೆ, ಯಾವುದರಿಂದ ಗುಣವಾಗುತ್ತಾರೆ ಎಂದು ತಿಳಿಯಬೇಕಿತ್ತು. ಕಾಲೇಜಿನ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಫೈಲುಗಳಿಂದ ಬೇಕಾದ್ದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ.

ಡಾಕ್ಟರು ಹಾಕಿದ ಷರತ್ತುಗಳು ಬಿಗಿಯಾಗಿದ್ದವು. ಫೈಲು ಆ ಕೋಣೆಯಿಂದ ಹೊರಗೆ ಹೋಗಕೂಡದು. ಕಂಪ್ಯೂಟರಿಗೆ ಇಂಟರ್ನೆಟ್ ಇರಕೂಡದು. ಹೆಸರಿನ ಬದಲು ಒಂದು ಸಂಖ್ಯೆ. ಯಾವ ಸಂಖ್ಯೆ ಯಾರದು ಎಂಬ ಚೀಟಿ ಅವರ ಮೇಜಿನ ಬೀಗದ ಖಾನೆಯಲ್ಲಿ. ಗಂಡನ ಹೆಸರು, ಊರು, ಜಾತಿ ಬಿಡಬೇಕು. ತೋಡೂರು ಎಂದಿದ್ದರೂ ಭಾವಿಕೇರಿ ಎಂದಿದ್ದರೂ ‘ಕರಾವಳಿಯ ಹಳ್ಳಿ’ ಎಂದಷ್ಟೇ ಬರೆಯಬೇಕು. ನಾನು ಅದನ್ನೆಲ್ಲ ಚಾಚೂತಪ್ಪದೆ ಮಾಡುತ್ತಿದ್ದೆ. ಹೆಸರು ತೆಗೆದ ಮೇಲೆ ಆ ಮನುಷ್ಯ ಕಾಗದದಿಂದ ಎದ್ದು ಹೋದ ಹಾಗೆ, ಇನ್ನು ಭಯವಿಲ್ಲ ಎಂದುಕೊಂಡಿದ್ದೆ.

ಆ ಫೈಲು ನನ್ನ ಕೈಗೆ ಬಂದದ್ದು ಮಳೆಗಾಲ ಮುಗಿಯುತ್ತಿದ್ದಾಗ. ಮೀನುಗಾರರ ಮನೆಯ ಹೆಂಗಸು. ಹೆರಿಗೆಯಾಗಿ ಕೆಲವು ವಾರಗಳಲ್ಲಿ ನಿದ್ದೆ ಬರದಾಯಿತು. ಮಗು ತನ್ನದಲ್ಲ, ಸಮುದ್ರದ್ದು, ತಿರುಗಿ ಕೊಡಬೇಕು ಎಂದು ಯಾರೋ ಕಿವಿಯಲ್ಲಿ ಹೇಳತೊಡಗಿದರು. ಮನೆಯವರು ದೇವರಲ್ಲಿ ಕೇಳಿದರು, ತಾಯತ ಕಟ್ಟಿಸಿದರು. ಒಂದು ಬೆಳಿಗ್ಗೆ ಅವಳು ಮಗುವನ್ನು ಎದೆಗೆ ಕಟ್ಟಿಕೊಂಡು ನೀರಿಗೆ ಇಳಿದಳು. ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಗಂಡಸರು ಹಗ್ಗ ಬಿಟ್ಟು ಓಡಿಹೋಗಿ ಇಬ್ಬರನ್ನೂ ಎಳೆದು ತಂದರು. ಮರುದಿನ ಗಂಡ ಅವಳನ್ನು ಡಾಕ್ಟರ ಹತ್ತಿರ ಕರೆತಂದ. ಔಷಧ ನಾಟಿತು. ಗುಣವಾದಳು. ಆಮೇಲೂ ಆಗಾಗ ಬಂದು ತೋರಿಸಿಕೊಂಡು ಹೋಗುತ್ತಿದ್ದಳು.

ಫೈಲು ಮುಚ್ಚಿ ಮೇಲಿನ ಹೆಸರು ಓದಿದೆ. ಅವಳು ನಮ್ಮ ಮನೆಗೆ ಮೀನು ತರುವವಳು.

ಇಲ್ಲಿ ಬರೆಯುವಾಗಲೂ ಅವಳ ಊರು ಹೇಳುವುದಿಲ್ಲ. ಒಂದೆರಡು ಸಂಗತಿಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅವಳು ಬೆಳಿಗ್ಗೆ ಬುಟ್ಟಿ ಇಳಿಸಿ ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತು ಬಂಗಡೆ ಎಣಿಸುತ್ತಿದ್ದಳು ಎಂದು ಹೇಳಿದರೆ ತೊಂದರೆಯಿಲ್ಲ, ಹಾಗೆ ಕೂರುವವರು ನಮ್ಮ ಕಡೆ ನೂರಾರು ಮಂದಿ. ಅವಳಿಗೂ ಅಮ್ಮನಿಗೂ ದಿನಾ ಒಂದು ಸಣ್ಣ ಜಗಳ ಆಗಲೇಬೇಕು. ನಿನ್ನೆ ಕೊಟ್ಟ ತಾರಲೆ ಮೆತ್ತಗಿತ್ತು ಎಂದು ಅಮ್ಮ. ಬೇಯಿಸಲು ಬಾರದಿದ್ದರೆ ಮೀನು ಏನು ಮಾಡಬೇಕು ಎಂದು ಅವಳು. ಜಗಳ ಮುಗಿದ ಮೇಲೆ ಅಮ್ಮ ಕೊಟ್ಟ ಚಾ ಕುಡಿದು ಹೋಗುತ್ತಿದ್ದಳು.

ಫೈಲು ಓದಿದ ಮರುದಿನದಿಂದ ನನಗೆ ಅವಳ ಎದುರು ನಿಲ್ಲುವುದು ಕಷ್ಟವಾಯಿತು. ಅವಳು ನಗುತ್ತಿದ್ದರೆ ಆ ನಗುವನ್ನೇ ನೋಡುತ್ತಿದ್ದೆ. ಕೈ ಚಾಚಿ ಬುಟ್ಟಿ ಎತ್ತಿಕೊಂಡರೆ ಆ ಕೈಯನ್ನೇ. ಅವಳು ನನಗೆ ಹೇಳದೇ ಇದ್ದದ್ದು ನನ್ನಲ್ಲಿತ್ತು, ಅದು ನನ್ನಲ್ಲಿರುವುದು ಅವಳಿಗೆ ತಿಳಿಯದು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಅವಳು ಬರುವ ಮೊದಲೇ ಮನೆಯಿಂದ ಹೊರಡತೊಡಗಿದೆ. ಅಮ್ಮನಿಗೆ ಏನೂ ಹೇಳಲಿಲ್ಲ.

ಕೆಲವು ತಿಂಗಳ ನಂತರ ಡಾಕ್ಟರಮ್ಮ ತಮ್ಮ ಲೇಖನದ ಕರಡನ್ನು ತಂದರು. ಅಂಕಿ ಅಂಶಗಳ ಜೊತೆಗೆ ಅದರಲ್ಲಿ ಕೆಲವು ರೋಗಿಗಳ ಕತೆಯೂ ಒಂದೊಂದು ಪ್ಯಾರಾದಲ್ಲಿತ್ತು. ಮೊದಲನೆಯದೇ ಸಮುದ್ರಕ್ಕಿಳಿದವಳ ಕತೆ. ಹೆಸರಿಲ್ಲ, ಊರಿಲ್ಲ, ವಯಸ್ಸೂ ಸರಿಯಾಗಿಲ್ಲ. ಆದರೂ ಆ ಪ್ಯಾರಾವನ್ನು ತಿರುಗಿ ಮೊದಲಿಂದ ಓದಿದೆ. ರಂಪಣಿ, ಎದೆಗೆ ಕಟ್ಟಿದ ಮಗು, ಹಗ್ಗ ಬಿಟ್ಟು ಓಡಿದ ಗಂಡಸರು. ಇದು ಇನ್ಯಾರದೂ ಆಗಲು ಸಾಧ್ಯವಿಲ್ಲ.

ಡಾಕ್ಟರಿಗೆ ಹೋಗಿ ಹೇಳಿದೆ. ನನಗೆ ಅವಳ ಪರಿಚಯವಿದೆ ಎಂಬುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಡಾಕ್ಟರಮ್ಮನನ್ನು ಒಳಗೆ ಕರೆದರು.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಆದರೆ ತಮ್ಮ ಮಾತನ್ನು ಬಿಟ್ಟೂ ಕೊಡಲಿಲ್ಲ. ಈ ಲೇಖನ ಓದುವವರು ಡಾಕ್ಟರುಗಳು, ಅವರಿಗೆ ಈ ಊರುಗಳೇ ಗೊತ್ತಿಲ್ಲ ಎಂದರು. ಇಂಥ ಹೆಂಗಸರನ್ನು ಮೈಮೇಲೆ ಬಂದಿದೆ ಎಂದು ತಿಂಗಳುಗಟ್ಟಲೆ ಕೂಡಿಹಾಕುತ್ತಾರೆ; ಬರಿಯ ಅಂಕಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಇದೊಂದು ಕತೆ ಓದಿದ ತಾಲೂಕು ಆಸ್ಪತ್ರೆಯ ಡಾಕ್ಟರೊಬ್ಬ ಮುಂದೆ ಒಬ್ಬ ಬಾಣಂತಿಗೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ ಎರಡು ಜೀವ ಉಳಿದಾವು ಎಂದರು. ನನಗೆ ಅವರ ಮಾತು ಸುಳ್ಳೆನಿಸಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಅದನ್ನೇ ಯೋಚಿಸಿದೆ. ಅವಳನ್ನು ಮುಚ್ಚಿಟ್ಟು ಇನ್ನೊಬ್ಬಳನ್ನು ನೀರಿಗೆ ಬಿಟ್ಟುಕೊಡುವುದು ಯಾವ ನ್ಯಾಯ? ಇನ್ನೊಬ್ಬಳನ್ನು ಉಳಿಸಲು ಇವಳನ್ನು ಬಯಲಲ್ಲಿ ನಿಲ್ಲಿಸುವುದಾದರೂ ಯಾವ ನ್ಯಾಯ?

ಡಾಕ್ಟರು ಕೊನೆಗೆ, ನಾವು ಮೂವರೂ ಕೂತು ಅವಳ ಪರವಾಗಿ ವಾದ ಮಾಡುತ್ತಿದ್ದೇವೆ, ಅವಳನ್ನೇ ಕೇಳೋಣ ಎಂದರು. ಮುಂದಿನ ಸಲ ಅವಳು ತೋರಿಸಿಕೊಳ್ಳಲು ಬರುವ ದಿನ ಡಾಕ್ಟರಮ್ಮನೂ ಬರುವುದೆಂದಾಯಿತು.

ಅವಳು ಬಂದಳು. ಬುಟ್ಟಿಯಿಲ್ಲದೆ, ಹೂ ಮುಡಿದು, ಆಗಷ್ಟೇ ಮಡಿಕೆ ಬಿಚ್ಚಿದ ಸೀರೆಯುಟ್ಟು ಬಂದವಳನ್ನು ನಾನು ಮೊದಲು ಗುರುತಿಸಲೇ ಇಲ್ಲ. ಗುರುತಾದ ಕೂಡಲೇ ಡಾಕ್ಟರು ಹೇಳಿಕೊಟ್ಟಂತೆ ತಲೆ ತಗ್ಗಿಸಿ ಕೀಬೋರ್ಡು ನೋಡುತ್ತಾ ಕೂತೆ. ಅವಳು ನೇರ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ತಂಗೀ, ನೀ ಇಲ್ಲೇ ಕೆಲ್ಸ ಮಾಡುದಾ? ಅಮ್ಮ ಕಾರವಾರ ಅಂತ ಹೇಳಿದ್ರು, ಎಲ್ಲಿ ಅಂತ ಹೇಳಲಿಲ್ಲ.”

ಹೌದಕ್ಕ ಎಂದೆ. ಅವಳೇ ನನ್ನ ಮುಖ ನೋಡಿ, ದನಿ ತಗ್ಗಿಸಿ, “ಹೆದರ್ಕೊಬೇಡ. ನಿನ್ನ ಅಮ್ಮಂಗೆ ಎಲ್ಲ ಗೊತ್ತದೆ. ಆಗ ನಂಗೆ ಮನೆಗೇ ಗಂಜಿ ತಂದು ಕೊಟ್ಟವ್ರು ಅವ್ರು” ಎಂದಳು.

ಅಷ್ಟು ವರ್ಷ ಅಮ್ಮ ನಮ್ಮ ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮೀನಿನ ಜಗಳ ಮಾತ್ರ ಆಡುತ್ತಿದ್ದಳು.

ಒಳಗೆ ಡಾಕ್ಟರು ಅವಳಿಗೆ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಅವಳು ಹೇಳಿದ್ದರಿಂದ ನನ್ನನ್ನೂ ಒಳಗೆ ಕೂರಿಸಿಕೊಂಡರು. ಬರೆದದ್ದು ಏನು, ಯಾಕೆ, ಓದುವವರು ಯಾರು. ಹೆಸರಿಲ್ಲ, ಆದರೂ ಗೊತ್ತಿದ್ದವರಿಗೆ ಗೊತ್ತಾಗಬಹುದು. ಬೇಡವೆಂದರೆ ಬೇಡ, ಅದರಿಂದ ಔಷಧ ಕೊಡುವುದೇನೂ ನಿಲ್ಲುವುದಿಲ್ಲ. ಡಾಕ್ಟರಮ್ಮ ಆ ಪ್ಯಾರಾವನ್ನು ಕನ್ನಡದಲ್ಲಿ ಓದಿ ಹೇಳಿದರು. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ನೀರಿಗಿಳಿದ ಭಾಗ ಬಂದಾಗ ಕಿಟಕಿಯ ಕಡೆ ತಿರುಗಿದಳು.

ಓದಿ ಮುಗಿದ ಮೇಲೂ ಕಿಟಕಿಯ ಕಡೆಯೇ ನೋಡುತ್ತಿದ್ದಳು. ಊರವರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆಯೇ ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

“ಊರವ್ರಿಗೆ ಹೊಸತು ಎಂತ ಅದೆ ಬಾಯೋರೆ? ಊರವ್ರೇ ಎಳದು ತಂದವ್ರು. ಇಷ್ಟು ವರ್ಷ ಆಯ್ತು, ಒಬ್ರೂ ನನ್ನ ಎದುರು ಆ ಮಾತು ತೆಗೀಲಿಲ್ಲ. ಮಗಳಿಗೆ ಗೊತ್ತಿಲ್ಲ. ನಂಗೆ ಓದುಕೆ ಬರುದಿಲ್ಲ. ಅದು ಶಾಲೇಲಿ ಇಂಗ್ಲಿಷ್ ಓದ್ತದೆ. ನಾಳೆ ಎಲ್ಲಾದ್ರೂ ಅದ್ರ ಕಣ್ಣಿಗೆ ಬಿದ್ರೆ? ಅಮ್ಮ ನನ್ನ ಮುಳುಗಿಸುಕೆ ಹೋಗಿತ್ತು ಅಂತ ಪುಸ್ತಕದಲ್ಲಿ ಓದಿ ತಿಳ್ಕೊಬೇಕಾ? ಅದನ್ನ ನಾನೇ ಹೇಳ್ಬೇಕು. ಹೇಳ್ತೆ. ಈಗ ಅದು ಸಣ್ಣದು.”

ಡಾಕ್ಟರಮ್ಮ ಕರಡನ್ನು ಮಡಿಚಿ ಚೀಲದಲ್ಲಿಟ್ಟರು. ಈ ಕತೆ ಹಾಕುವುದಿಲ್ಲ ಎಂದರು. ಅವಳು ಹೋಗಲು ಎದ್ದವಳು ಬಾಗಿಲಲ್ಲಿ ನಿಂತು, ಗುಣ ಆದದ್ದನ್ನು ಮಾತ್ರ ಬರೆಯಿರಿ, ಔಷಧ ತಗೊಂಡರೆ ಗುಣ ಆಗುತ್ತದೆ ಎಂಬುದು ಬೇರೆ ಹೆಂಗಸರಿಗೂ ತಿಳಿಯಲಿ ಎಂದಳು. ಅಂಕಿಗಳ ಪಟ್ಟಿಯಲ್ಲಿ ಅವಳು ಉಳಿದಳು, ಗುಣವಾದವರ ಸಾಲಿನಲ್ಲಿ.

ಅಲ್ಲಿಗೆ ನಮ್ಮ ಕೆಲಸ ಮುಗಿಯಲಿಲ್ಲ. ಕರಡಿನಲ್ಲಿದ್ದ ಉಳಿದ ಕತೆಗಳ ಹೆಂಗಸರನ್ನೂ ಕೇಳಬೇಕು ಎಂದು ಡಾಕ್ಟರಮ್ಮನೇ ಹಟ ಹಿಡಿದರು. ಮನೆಗೆ ಕಾಗದ ಹಾಕುವಂತಿಲ್ಲ, ಹೋಗಿ ಬಾಗಿಲು ತಟ್ಟುವಂತಿಲ್ಲ. ಅವರು ತಾವಾಗಿ ದವಾಖಾನೆಗೆ ಬರುವವರೆಗೆ ಕಾಯಬೇಕು. ಕೆಲವರು ನಕ್ಕು ಒಪ್ಪಿದರು. ಒಬ್ಬಳು ನನ್ನದನ್ನು ಅಂಕಿಯಲ್ಲೂ ಇಡಬೇಡಿ ಎಂದಳು, ಕಾರಣ ಹೇಳಲಿಲ್ಲ. ನಾವೂ ಕೇಳದೆ ತೆಗೆದೆವು. ಇನ್ನು ಕೆಲವರು ಮತ್ತೆ ಬರಲೇ ಇಲ್ಲ, ಅವರ ಕತೆ ಹಾಕಲಿಲ್ಲ. ಲೇಖನ ತಡವಾಗಿ, ಮೊದಲಿಗಿಂತ ತೆಳ್ಳಗಾಗಿ ಅಚ್ಚಾಯಿತು. ಅಂದುಕೊಂಡಷ್ಟು ಜನ ಓದಲಿಲ್ಲವೇನೋ ಎಂದು ಡಾಕ್ಟರಮ್ಮ ಒಮ್ಮೆ ಫೋನಿನಲ್ಲಿ ಹೇಳಿದರು. ಬೇಸರವಿತ್ತು, ಮುಚ್ಚಿಡಲಿಲ್ಲ.

ಅವಳು ದವಾಖಾನೆಗೆ ಬಂದ ದಿನ ಮನೆಗೆ ಹೋಗಿ ಅಮ್ಮನಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಏನೂ ಹೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಬೆಳಿಗ್ಗೆ ಬೇಗ ಹೊರಡುವುದನ್ನು ಮಾತ್ರ ಬಿಟ್ಟೆ. ಮೀನಿನವಳು ಬುಟ್ಟಿ ಇಳಿಸುವಾಗ ಕೈ ಕೊಡುವುದು ಮೊದಲಿನ ಹಾಗೆ ಸುಲಭವಾಯಿತು.

ಮತ್ತೆ ಕೆಲವು ವರ್ಷ ಕಳೆದವು. ಡಾಕ್ಟರು ದವಾಖಾನೆ ಮುಚ್ಚುವ ಮಾತಾಡುತ್ತಿದ್ದರು. ಒಂದು ಭಾನುವಾರ ಅಮ್ಮ ಒಳಗಿದ್ದಾಗ ಅವಳು ಜಗಲಿಯಲ್ಲಿ ಚಾ ಕುಡಿಯುತ್ತಾ, ಹೇಳಿದೆ ತಂಗಿ, ಎಂದಳು. ಯಾವುದನ್ನು ಎಂದು ಕೇಳಬೇಕಾಗಲಿಲ್ಲ.

ಮಗಳು ದೊಡ್ಡವಳಾಗಿದ್ದಳು. ಯಾರದೋ ಬಾಣಂತನದ ಮಾತು ಬಂದಾಗ, ತಾನು ಹುಟ್ಟಿದಾಗ ಹೇಗಿತ್ತು ಎಂದು ಅವಳೇ ಕೇಳಿದಳಂತೆ. ತಾಯಿ ಇವತ್ತು ಬಿಟ್ಟರೆ ಮುಂದೆ ಆಗುವುದಿಲ್ಲವೆಂದು ಅವಳನ್ನು ದಂಡೆಗೆ ಕರೆದುಕೊಂಡು ಹೋಗಿ, ಅದೇ ಜಾಗ ತೋರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಕಿವಿಯಲ್ಲಿ ಕೇಳಿದ ಮಾತನ್ನೂ ಬಿಡಲಿಲ್ಲ. ಮಗಳು ಮರಳಲ್ಲಿ ಕೂತುಬಿಟ್ಟಳು. ಆಮೇಲೆ ಮಗಳು ಕೇಳಿದ್ದು ಒಂದೇ: ನಾನು ಅಳುತ್ತಿದ್ದೆನೇ?

ತಾಯಿಗೆ ಅದು ನೆನಪಿರಲಿಲ್ಲ. ಡಾಕ್ಟರ ಫೈಲಿನಲ್ಲೂ ಅದು ಇರಲಿಲ್ಲವೆಂದು ನನಗೆ ಗೊತ್ತಿತ್ತು. ಅವತ್ತು ಹಗ್ಗ ಹಿಡಿದಿದ್ದವರಲ್ಲಿ ಒಬ್ಬ ಮುದುಕ ಅಲ್ಲೇ ಹತ್ತಿರದಲ್ಲಿ ಬಲೆ ಹೆಣೆಯುತ್ತಿದ್ದ. ಇಬ್ಬರೂ ಅವನ ಹತ್ತಿರ ಹೋದರು. ತಾಯಿಯೇ ಕೇಳಿದಳು. ಅವನು ಮೊದಲು ಹುಡುಗಿಯ ಮುಖ ನೋಡಿದ, ಆಮೇಲೆ ತಾಯಿಯದು. ಹೇಳಬಹುದೋ ಇಲ್ಲವೋ ಎಂದು ಕಾದ. ಅವಳು ತಲೆಯಾಡಿಸಿದಳು.

“ಅತ್ತದ್ದಕ್ಕೇ ನಮ್ಗೆ ಕೇಳ್ತು ಮಗಾ,” ಎಂದನಂತೆ ಅವನು. “ನಾವೆಲ್ಲ ಬಲೆ ಬದಿಗೆ ಮುಖ ಮಾಡ್ಕಂಡಿದ್ವು. ನಿನ್ನ ಕೂಗು ಕೇಳಿ ತಿರುಗಿ ನೋಡಿದ್ದು.”

ಮಗಳು ತಾಯಿಯ ಕೈ ಹಿಡಿದುಕೊಂಡೇ ಮನೆಗೆ ಬಂದಳಂತೆ. ಒಂದು ವಾರ ಹೆಚ್ಚು ಮಾತಾಡಲಿಲ್ಲ. ಆಮೇಲೆ ಎಲ್ಲ ಮೊದಲಿನ ಹಾಗೆ, ಈಗ ಅಡುಗೆ ಸರಿಯಿಲ್ಲವೆಂದು ಬೈಯುತ್ತಾಳೆ ಎಂದು ಹೇಳಿ ಅವಳು ನಕ್ಕಳು. ಬೇಕಾದರೆ ಆ ಡಾಕ್ಟರಮ್ಮನಿಗೆ ಹೇಳು, ಈಗ ಬರೆಯಬಹುದು, ಮಗಳನ್ನೂ ಕೇಳಿಯೇ ಹೇಳುತ್ತಿದ್ದೇನೆ ಎಂದಳು. ಅಷ್ಟರಲ್ಲಿ ಅಮ್ಮ ಹೊರಗೆ ಬಂದು, ಬುಟ್ಟಿಯೊಳಗೆ ಕೈಯಾಡಿಸಿ, ಇವತ್ತಿನ ಬಂಗಡೆ ಬಹಳ ಸಣ್ಣದಾಯಿತು ಎಂದು ಶುರುಮಾಡಿದಳು.